ಕಿತ್ತೂರಿನ ಬೀದಿಯಲ್ಲಿ ಮಾರಿಯಕ್ಕನ ಬೇಕರಿ

ಬೈಲಹೊಂಗಲ

ವಿದೇಶಕ್ಕೆ ಹೋಗಿ ಬಂದವರೆಲ್ಲ ಅಲ್ಲಿ ಕಂಡದ್ದನ್ನು ಬರೆಯುತ್ತಾರೆ. ನಾನು ಅಲ್ಲಿ ಹೆಚ್ಚಾಗಿ ಕಂಡದ್ದು ನಮ್ಮ ಸೀಮೆಯನ್ನೇ. ಕಂಡೆ, ಗುರುತು ಮಾತ್ರ ಸಿಗಲಿಲ್ಲ. ಅದಕ್ಕೇ ಈ ಬರವಣಿಗೆ.

ನಾನು ನಾಟಕ ಕಂಪನಿಯ ಹಾಸ್ಯಪಾತ್ರದ ಗಂಗವ್ವ. ರಂಗದ ಮೇಲೆ ನಾನು ಬಂದು ನಿಂತರೆ ಹಿಂದೆ ಇದ್ದವರು ಯಾರೂ ಕಾಣುವುದಿಲ್ಲ. ಹಳೆಯ ಪ್ರೇಕ್ಷಕರಿಗೆ ಅಷ್ಟು ಗುರುತು ಸಾಕು. ಅಜ್ಜಿಯ ಹಾಡಿನಿಂದಲೂ ಕಂಪನಿಯ ಹಿರಿಯರ ಬೈಗುಳದಿಂದಲೂ ಕಲಿತ ಕನ್ನಡ ನನ್ನದು. ಹಾಡಿಗಿಂತ ಬೈಗುಳ ಹೆಚ್ಚು ನೆನಪಿನಲ್ಲಿ ಉಳಿದಿದೆ.

ನಮ್ಮ ರಾಜ್ಯಕ್ಕೆ ಕರ್ನಾಟಕ ಎಂದು ಹೆಸರು ಬಂದು ಒಂದೆರಡು ವರ್ಷವಾಗಿತ್ತು. ಆಸ್ಟ್ರಿಯ ದೇಶದ ಒಂದು ಊರಿನಲ್ಲಿ, ಗುಡ್ಡ ಹತ್ತಿ ಆಚೆ ಇಳಿದರೆ ಯುಗೊಸ್ಲಾವಿಯ ಸಿಗುವಂಥ ಗಡಿಯ ಊರಿನಲ್ಲಿ, ಲೋಕದ ಗಡಿನಾಡುಗಳನ್ನೆಲ್ಲ ಸೇರಿಸಿ ಒಂದು ಕಲಾಮೇಳ ಮಾಡುತ್ತಾರಂತೆ. ನಮ್ಮ ದೇಶದಿಂದಲೂ ಒಂದು ಗಡಿನಾಡು ಹೋಗಬೇಕು. ಹಿಮಾಲಯದ ಗಡಿಯನ್ನು ಕಳಿಸಿದರೆ ಪಕ್ಕದ ದೇಶಗಳಿಗೆ ಸಿಟ್ಟು. ಬೆಳಗಾವಿ ಸೀಮೆಯ ಗಡಿಯಾದರೆ ಸಿಟ್ಟು ಮನೆಯೊಳಗೇ ಉಳಿಯುತ್ತದೆ ಎಂದು ಯಾರೋ ಜಾಣರು ಯೋಚಿಸಿದ್ದಿರಬೇಕು. ಹಾಗೆ ನಮಗೆ ಆ ಭಾಗ್ಯ ಬಂತು.

ಅದರ ಹೊಣೆ ಹೊತ್ತು ಬೆಂಗಳೂರಿನಿಂದ ಮೂರ್ತಿಯವರು ಬಂದರು. ಒಳ್ಳೆಯ ಮನುಷ್ಯ, ತೆಳ್ಳಗಿನ ಮನುಷ್ಯ, ಸದಾ ಕೊರಳಲ್ಲಿ ಕ್ಯಾಮರಾ. ಮೇಳದಲ್ಲಿ ತೋರಿಸಲು ಒಂದು ಕಿರುಚಿತ್ರ ತೆಗೆಯಬೇಕಾಗಿತ್ತು. ಜನರ ಕನ್ನಡವನ್ನು ಅವರಿಗೂ ಅವರ ಕನ್ನಡವನ್ನು ಜನರಿಗೂ ತಿಳಿಸಿ ಹೇಳಲು ನನ್ನನ್ನು ಜೀಪಿನಲ್ಲಿ ಕೂರಿಸಿಕೊಂಡರು.

ಕಿತ್ತೂರಿಗೆ ಹೋದೆವು. ಕೋಟೆಯೊಳಗೆ ಆಡು ಮೇಯುತ್ತಿದ್ದವು. ಅವನ್ನು ಹೊರಗೆ ಹೊಡೆಯಿರಿ ಎಂದು ಮೂರ್ತಿಯವರು ಹೇಳಿದರೆ, ಕಾಯುತ್ತಿದ್ದ ಮುದುಕಿ ಕೋಲು ಊರಿ ನಿಂತಳು. "ರಾಣಿ ಹ್ವಾದಾಗಿಂದ ಈ ಕೋಟಿ ನಾವ ನೋಡ್ಕೊಂಡ ಬಂದೇವ್ರಿ ಸಾಹೇಬ್ರ. ಹುಲ್ಲು ಬೆಳೀಲಾರದಂಗ ಇಟ್ಟಾವ ನಮ್ಮ ಆಡು. ನಿಮ್ಮ ಸರ್ಕಾರದವರು ಒಂದ ದಿವ್ಸರೆ ಬಂದು ಕಸಾ ಹೊಡದಾರೇನು?"

ಸವದತ್ತಿಗೆ ಹೋದೆವು. ಹೊಸದಾಗಿ ಕಟ್ಟಿದ ಅಣೆಕಟ್ಟಿನ ಹಿಂದೆ ಮಲಪ್ರಭೆ ಕಣ್ಣು ಹರಿಯುವಷ್ಟು ದೂರ ತುಂಬಿ ನಿಂತಿದ್ದಳು. ನನಗೆ ಖುಷಿಯಾಗಿ, "ತಗೀರಿ ಸಾಹೇಬ್ರ ಫೋಟೋ" ಎಂದೆ. ಮೂರ್ತಿಯವರು ಕ್ಯಾಮರಾ ಮುಚ್ಚಿದರು. "ಇಷ್ಟೊಂದು ನೀರು ಗಡಿನಾಡಿಗೆ ಒಪ್ಪೋದಿಲ್ಲ ಗಂಗಮ್ಮನವರೇ. ನೋಡೋರಿಗೆ ಒಂದು ಉರಿಬಿಸಿಲು, ಒಂದು ಧೂಳು ಬೇಕು." ಧೂಳಿಗಾಗಿ ಜೀಪನ್ನೇ ಎರಡು ಸಲ ಹಿಂದೆ ಮುಂದೆ ಓಡಿಸಿದರು.

ರಾಮದುರ್ಗದಲ್ಲಿ ಒಬ್ಬ ನೇಕಾರನಿಗೆ ಮಗ್ಗ ಬಿಟ್ಟೆದ್ದು ಭರ್ಚಿ ಹಿಡಿದು ನಿಲ್ಲಲು ಹೇಳಿದರು. ಅವನು ಕಾಲು ತೆಗೆಯದೆ, "ಅಂಚಿನ ಎಳಿ ಹಿಡದೇನ್ರಿ, ಈಗ ಎದ್ದರ ಸೀರಿ ಕೆಡತೈತಿ. ಭರ್ಚಿ ನೀವ ಹಿಡದು ನಿಂದರ್ರಿ, ನಾ ನೋಡತೇನಿ" ಎಂದ. ಬೈಲಹೊಂಗಲದ ಪೇಟೆಯಲ್ಲಿ ಅಡತಿ ಅಂಗಡಿ ಇಟ್ಟ ನಮ್ಮ ಭಾವನಿಗೆ ಶೇಂಗಾದ ಚೀಲ ಬಿಟ್ಟು ತಕ್ಕಡಿಯ ತಟ್ಟೆಯನ್ನು ಗುರಾಣಿಯಂತೆ ಎತ್ತಿ ಹಿಡಿಯಲು ಹೇಳಿದರು. ಭಾವ ಪಾಪ, ದೊಡ್ಡ ಊರಿನ ಸಾಹೇಬರು ಹೇಳಿದರೆಂದು ಹಿಡಿದ. ಸಂಜೆ ಜೀಪಿನಲ್ಲಿ ಮೂರ್ತಿಯವರು ನಿಟ್ಟುಸಿರುಬಿಟ್ಟರು. "ಇದು ಗಡಿನಾಡು ಅಂತ ಅನ್ನಿಸ್ತಾನೇ ಇಲ್ಲಪ್ಪ. ಎಲ್ಲರೂ ಅವರವರ ಕೆಲಸ ಮಾಡ್ಕೊಂಡಿದ್ದಾರೆ."

ಅಷ್ಟರಲ್ಲಿ ಅವರ ಕಣ್ಣಿಗೆ ಬಿದ್ದದ್ದು ಫಕೀರಪ್ಪನ ಮೀಸೆ. ಫಕೀರಪ್ಪ ನಮ್ಮ ಕಂಪನಿಯ ಪರದೆ ಬರೆಯುವ ಪೇಂಟರ್. ರಾಮದುರ್ಗದವನು. ಕೈ ಒಳ್ಳೆಯದು, ಅದಕ್ಕಿಂತ ದೊಡ್ಡದು ಆ ಕೈಯ ಬಗ್ಗೆ ಅವನಿಗಿರುವ ಅಭಿಮಾನ. ಬೇರೆ ಪೇಂಟರ್ ಬರೆದ ಬೋರ್ಡು ಕಂಡರೆ ಕೆಟ್ಟ ವಾಸನೆ ಬಂದವನಂತೆ ಮುಖ ತಿರುವುತ್ತಾನೆ. ಅವನ ಮೀಸೆ ಕೆನ್ನೆಯ ಮೇಲೆ ಎರಡು ಸುತ್ತು ಸುತ್ತಿ ಕಿವಿಯ ಹತ್ತಿರ ಹೋಗಿ ನಿಂತಿತ್ತು. ಮೂರ್ತಿಯವರು ಜೀಪಿನಿಂದ ಜಿಗಿದು, "ಇದು! ಇದೇ ಗಡಿನಾಡು!" ಎಂದು ಕೂಗಿದರು. ಮುಗಿದ ಕಿರುಚಿತ್ರದಲ್ಲಿ ಅರ್ಧ ಆ ಮೀಸೆಯೇ ಇದೆ.

ಚಿತ್ರದ ಜೊತೆ ನಮ್ಮ ಕಂಪನಿಯ ಕಿತ್ತೂರ ರಾಣಿ ನಾಟಕದ ಒಂದು ತುಣುಕೂ ಹೋಗಬೇಕಾಗಿತ್ತು. ರಾಣಿಯ ಪಾತ್ರದ ಹುಡುಗಿ ಬಸುರಿ. ವಿಮಾನ ಬೇಡವೆಂದಳು. ಉಳಿದವಳು ನಾನು. ಮೂರ್ತಿಯವರು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, "ಪರವಾಗಿಲ್ಲ, ಕೋಟೆ ಥರ ಇದ್ದೀರಿ" ಎಂದರು. ಹಾಗೆ ಒಬ್ಬ ಹಾಸ್ಯಪಾತ್ರದವಳು ಕಿತ್ತೂರ ರಾಣಿಯಾದಳು.

ಇನ್ನು ಪರದೆ. ಮೂರ್ತಿಯವರಿಗೆ ಕೋಟೆಯ ಪರದೆ ಬೇಕಾಗಿತ್ತು. ಸಂಪಗಾಂವದ ಕ್ಯಾಂಪಿನಲ್ಲಿ ಅದು ಇಲ್ಲದೆ ಆಟ ನಡೆಯುವುದಿಲ್ಲವೆಂದು ಕಂಪನಿಯ ಮಾಲೀಕರು ಬೀದಿಯ ಹಳೆಯ ಪರದೆ ಕೊಟ್ಟರು. ಕಿತ್ತೂರಿನ ಬೀದಿ, ಎರಡೂ ಬದಿಗೆ ಅಂಗಡಿಗಳ ಸಾಲು, ಮೂಲೆಯಲ್ಲಿ ಕೋಟೆಯ ಒಂದು ಬುರುಜು. ಅಂಗಡಿಗಳ ಬೋರ್ಡು ಮಾತ್ರ ಬಿಳಿ ಬಳಿದು ಖಾಲಿ ಬಿಟ್ಟದ್ದು. ಅದು ನಮ್ಮ ಕಂಪನಿಯ ಪದ್ಧತಿ. ಯಾವ ಊರಿನಲ್ಲಿ ಕ್ಯಾಂಪು ಹಾಕುತ್ತೇವೋ ಆ ಊರಿನ ಅಂಗಡಿಗಳ ಹೆಸರನ್ನು ಫಕೀರಪ್ಪ ಆ ಬೋರ್ಡುಗಳ ಮೇಲೆ ಬರೆಯುತ್ತಾನೆ. ಪರದೆ ಬಿಚ್ಚಿದೊಡನೆ ಜನ ತಮ್ಮೂರ ಅಂಗಡಿ ಕಂಡು ಸಿಳ್ಳೆ ಹಾಕುತ್ತಾರೆ. ಅಂಗಡಿಯವರು ಪೇಂಟರ್‌ಗೆ ಚಹಾ ಕುಡಿಸುತ್ತಾರೆ, ಹಜಾಮನಾದರೆ ಗಡ್ಡ ಕೆರೆಯುತ್ತಾನೆ. ಕೊನೆಯ ಆಟದ ದಿನ ಅಂಗಡಿಕಾರರು ಒಬ್ಬೊಬ್ಬರಾಗಿ ರಂಗದ ಮೇಲೆ ಬಂದು, ತಮ್ಮ ಬೋರ್ಡಿನ ಕೆಳಗೆ ನಿಂತು, ರಾಣಿಗೆ ಕಾಯಿಯೋ ಹೂವೋ ಕೊಡುತ್ತಾರೆ. ಆಗ ಬೋರ್ಡನ್ನು ಗಟ್ಟಿಯಾಗಿ ಓದಿ ಹೇಳಲೇಬೇಕು. ಕ್ಯಾಂಪು ಮುರಿಯುವ ತನಕ ಒಂದು ಬೋರ್ಡನ್ನೂ ಅಳಿಸುವ ಹಾಗಿಲ್ಲ.

ಮುಂಬೈ

ಪರದೆಯನ್ನು ಸುತ್ತಿ, ಬಿಳಿ ಬಟ್ಟೆಯಲ್ಲಿ ಕಟ್ಟಿ, ಮೂರ್ತಿಯವರು, ಫಕೀರಪ್ಪ, ನಾನು ಮೂವರೂ ಹೆಗಲ ಮೇಲೆ ಹೊತ್ತು ವಿಮಾನ ನಿಲ್ದಾಣದೊಳಗೆ ಹೋದೆವು. ಬಾಗಿಲಲ್ಲಿ ನಿಂತಿದ್ದ ಒಬ್ಬ ಮುದುಕರು ಟೊಪ್ಪಿಗೆ ತೆಗೆದು ಕೈ ಮುಗಿದರು. ಮೂರ್ತಿಯವರು ಗಾಬರಿಯಿಂದ, "ಅಯ್ಯೋ, ಇದು ಪರದೆ ಸ್ವಾಮಿ, ಪರದೆ" ಎಂದರೆ, ಫಕೀರಪ್ಪ ನನ್ನ ಕಿವಿಯಲ್ಲಿ, "ಸುಮ್ನಿರಾಕ ಹೇಳ್ರಿ ಅಕ್ಕಾರ. ಜನ ದಾರಿ ಬಿಡಾಕ ಹತ್ಯಾರ" ಎಂದ.

ವಿಮಾನದಲ್ಲಿ ಅವನು ಕಿಟಕಿಗೆ ಹಣೆ ಹಚ್ಚಿ ಕೂತವನು ಕದಲಲಿಲ್ಲ. ಎಷ್ಟೋ ಹೊತ್ತಿನ ಮೇಲೆ, "ಎಷ್ಟ ದೇಶ ದಾಟಿದಿವ್ರಿ ಸಾಹೇಬ್ರ?" ಎಂದ. ಮೂರ್ತಿಯವರು ಎರಡು ಮೂರು ಹೆಸರು ಹೇಳಿದರು.

"ಹಂಗಾರ ಗೆರಿ ಎಲ್ಲಿ ಐತ್ರೀ?"

"ಯಾವ ಗೆರೆ?"

"ಗಡಿದು. ನಕಾಶೆದಾಗ ಕೆಂಪಗ ಹೊಡದಿರ್ತಾರಲ್ಲ." ಇನ್ನೊಮ್ಮೆ ಕೆಳಗೆ ಬಗ್ಗಿ ನೋಡಿ ತಲೆಯಾಡಿಸಿದ. "ಮಳ್ಯಾಗ ತೊಳಕೊಂಡ ಹೋಗೇತಿ. ಹಲ್ಕಾ ಪೇಂಟ್."

ಗಡಿಯ ಊರು

ಆ ಊರಿನ ಹೆಸರು ಇನ್ನೂ ನನ್ನ ನಾಲಿಗೆಗೆ ಒಗ್ಗಿಲ್ಲ. ಊರು ಮಾತ್ರ ಅಚ್ಚುಕಟ್ಟು. ಬೀದಿಯ ದನಗಳಿಲ್ಲ, ನಾಯಿಗಳು ಯಜಮಾನರನ್ನು ಹಗ್ಗ ಹಿಡಿದು ಅಡ್ಡಾಡಿಸುತ್ತವೆ. ಅಂಗಡಿಯೊಳಗೆ ಕಾಲಿಟ್ಟವರು ಮೊದಲು ದೇವರ ಹೆಸರಿನಲ್ಲಿ ನಮಸ್ಕಾರ ಹೇಳಬೇಕು, ನಾವು ಶರಣ್ರೀ ಎಂದಂತೆ. ಹೇಳದಿದ್ದರೆ ಸಾಮಾನು ಕೊಡುತ್ತಾರೆ, ಮುಖ ಕೊಡುವುದಿಲ್ಲ. ಎಲ್ಲರೂ ಮೆಲ್ಲಗೆ ಮಾತಾಡುತ್ತಾರೆ. ಮೊದಲ ದಿನ ಊಟದ ಕೋಣೆಯಲ್ಲಿ ನಾನು ಫಕೀರಪ್ಪನಿಗೆ "ಉಪ್ಪ ಕೊಡ" ಎಂದದ್ದಕ್ಕೆ ನಾಲ್ಕು ಮೇಜಿನವರು ತಮ್ಮ ತಮ್ಮ ಉಪ್ಪಿನ ಡಬ್ಬಿ ತಂದುಕೊಟ್ಟರು.

ಮಲಗುವ ಕೋಣೆಯಲ್ಲಿ ಕೋಳಿಪುಕ್ಕ ತುಂಬಿದ ಒಂದು ಗಾದಿ, ಅದರ ಮೇಲೆ ಅಂಥದ್ದೇ ಇನ್ನೊಂದು. ಎರಡರ ನಡುವೆ ಹೋಗಿ ಮಲಗಬೇಕೆಂದು ಗೊತ್ತಾಗದೆ ನಾನು ಎರಡರ ಮೇಲೂ ಮಲಗಿ, ಬೆಳತನಕ ಚಳಿಯಲ್ಲಿ ನಡುಗಿದೆ. ಫಕೀರಪ್ಪ ಎರಡರ ಕೆಳಗೂ ಮಲಗಿದ್ದನಂತೆ.

ನನಗೆ ಬರುವ ಇಂಗ್ಲಿಷ್ ಧಾರವಾಡದ ಸಾಲಿಯಲ್ಲಿ ಕಲಿತದ್ದು ಅಷ್ಟಿಷ್ಟು. ಉಳಿದದ್ದು ನಾಟಕದ ಕಲೆಕ್ಟರ್ ಸಾಹೇಬನ ಮಾತು ಕೇಳಿ ಬಂದದ್ದು. "ಸರೆಂಡರ್", "ಇಮಿಡಿಯೇಟ್ಲಿ", ಇಂಥವು. ಚಹಾ ಕೇಳುವಾಗಲೂ ಅವೇ ಮೊದಲು ಬಾಯಿಗೆ ಬರುತ್ತಿದ್ದವು. ನಮ್ಮ ನೆರವಿಗೆಂದು ಮೇಳದವರು ಹೆಲ್ಗಾ ಎಂಬ ಆ ಊರಿನ ಹುಡುಗಿಯನ್ನು ಕೊಟ್ಟಿದ್ದರು. ಕಾಲೇಜು ಓದುವವಳು, ನಗುಮುಖದವಳು. ನನ್ನ ಇಂಗ್ಲಿಷು ಅರ್ಥವಾದದ್ದು ಆ ಖಂಡದಲ್ಲಿ ಅವಳೊಬ್ಬಳಿಗೇ.

ಮೇಳದ ದೊಡ್ಡ ಕಟ್ಟಡದಲ್ಲಿ ಒಂದೊಂದು ಗಡಿನಾಡಿಗೆ ಒಂದೊಂದು ಕೋಣೆ. ನಮ್ಮ ಪಕ್ಕದ ಕೋಣೆಯಲ್ಲಿ ಉತ್ತರದ ಹಿಮದ ಸೀಮೆಯ ಒಬ್ಬಾತ ಚರ್ಮದ ಅಂಗಿ ತೊಟ್ಟು ಡೇರೆಯ ಮುಂದೆ ಕೂತು ಬೆವರುತ್ತಿದ್ದ. ತನ್ನೂರಲ್ಲಿ ಅವನು ಬ್ಯಾಂಕಿನ ಗುಮಾಸ್ತನಂತೆ. ಯಾರೂ ಇಲ್ಲದಾಗ ಕನ್ನಡಕ ಹಾಕಿಕೊಂಡು ಪೇಪರು ಓದುತ್ತಿದ್ದ, ಯಾರಾದರೂ ಬಂದರೆ ಕನ್ನಡಕ ಮುಚ್ಚಿಟ್ಟು ದೂರದ ಹಿಮವನ್ನು ನೋಡುವವನಂತೆ ಗೋಡೆ ನೋಡುತ್ತಿದ್ದ. ನಾನು ಕಿರೀಟ ಸರಿ ಮಾಡಿಕೊಂಡು ಅವನಿಗೆ ನಮಸ್ಕಾರ ಹೇಳಿದೆ. ಒಬ್ಬ ಕಲಾವಿದನ ಕಷ್ಟ ಇನ್ನೊಬ್ಬರಿಗೆ ತಿಳಿಯುತ್ತದೆ.

ನಮ್ಮ ಕೋಣೆಯಲ್ಲಿ ಕಿರುಚಿತ್ರ ಶುರುವಾಯಿತು. ಧೂಳು. ಮೀಸೆ. ಭೋರ್ಗರೆಯುವ ನಗಾರಿ. ಇಂಗ್ಲಿಷಿನಲ್ಲಿ ಒಂದು ಗಡಸು ದನಿ: "ಇಲ್ಲಿಯ ಜನ ಕೈಯಲ್ಲಿ ಕತ್ತಿ ಹಿಡಿದೇ ಹುಟ್ಟುತ್ತಾರೆ." ಆ ಮಾತಿಗೆ ಸರಿಯಾಗಿ ತೆರೆಯ ಮೇಲೆ ತಕ್ಕಡಿಯ ತಟ್ಟೆ ಎತ್ತಿದ ನಮ್ಮ ಭಾವ. ಅಕ್ಕನಿಗೆ ಎದುರು ಮಾತಾಡಲು ಕೂಡ ಧೈರ್ಯವಿಲ್ಲದ ಗಂಡಸು. ನಾನು ಕಿರೀಟದೊಳಗೇ ನಕ್ಕೆ. ನೋಡಲು ಬಂದವರು ನಾಲ್ವರು ಮನುಷ್ಯರು, ಒಂದು ನಾಯಿ. ನಾಯಿ ಮಾತ್ರ ಕೊನೆತನಕ ನೋಡಿತು.

ಅಂಗಡಿ ಬೀದಿ

ಜನ ಬಾರದ್ದು ಮೂರ್ತಿಯವರಿಗೆ ಚಿಂತೆ. ಫಕೀರಪ್ಪನಿಗೆ ಚಿಂತೆಯಿರಲಿಲ್ಲ, ಬೋರ್ಡು ಖಾಲಿಯಿಟ್ಟರೆ ಯಾವ ಊರಲ್ಲೂ ಜನ ಬರುವುದಿಲ್ಲ ಎಂಬುದು ಅವನ ಲೆಕ್ಕ. ಮೂರ್ತಿಯವರಿಗೆ ಹೇಳದೆ ಬಣ್ಣದ ಪೆಟ್ಟಿಗೆ ಬಿಚ್ಚಿದ. ಬೆಳಿಗ್ಗೆಯೆಲ್ಲ ಪೇಟೆ ಸುತ್ತಿ ಒಂದೊಂದು ಅಂಗಡಿಯ ಬೋರ್ಡಿನ ಅಕ್ಷರವನ್ನು ಚಿತ್ರದಂತೆ ಕಾಗದಕ್ಕೆ ಇಳಿಸಿಕೊಂಡು ಬಂದ. ಓದಲು ಬರುತ್ತಿರಲಿಲ್ಲ, ಅದರಿಂದ ಅವನಿಗೆ ಏನೂ ಅಡ್ಡಿಯಾಗಲಿಲ್ಲ. ಅದಕ್ಕಿಂತ ಮೊದಲು ಹೆಲ್ಗಾಳನ್ನು ಕೂರಿಸಿಕೊಂಡು ಕಂಪನಿಯ ಪದ್ಧತಿಯನ್ನೆಲ್ಲ ಚಿತ್ರ ಬರೆದು ತೋರಿಸಿದ: ಬೋರ್ಡು, ಚಹಾದ ಕಪ್ಪು, ಕ್ಷೌರದ ಕತ್ತಿ, ಕೊನೆಯ ದಿನ ರಾಣಿಗೆ ಕೊಡುವ ಕಾಯಿ. ಉಳಿದದ್ದನ್ನು ನಾನು ಕಲೆಕ್ಟರನ ಇಂಗ್ಲಿಷಿನಲ್ಲಿ ಹೇಳಿದೆ. ಹೆಲ್ಗಾ ಹೊಟ್ಟೆ ಹಿಡಿದು ನಕ್ಕು, ಅಂಗಡಿಯವರಿಗೆಲ್ಲ ಹೇಳಿಬಂದಳು.

ಎರಡು ದಿನದಲ್ಲಿ ನಮ್ಮ ಕಿತ್ತೂರಿನ ಬೀದಿಯಲ್ಲಿ ಆ ಊರಿನ ಹಜಾಮ, ಚಮ್ಮಾರ, ದ್ರಾಕ್ಷಾರಸದವನು, ಗಡಿಯಾರ ರಿಪೇರಿಯವನು ಎಲ್ಲರೂ ಅಂಗಡಿ ತೆರೆದಿದ್ದರು. ಮೂರ್ತಿಯವರು ಅದನ್ನು ಕಂಡು ಕುರ್ಚಿ ಹಿಡಿದುಕೊಂಡರು.

"ಏನ್ ಫಕೀರಪ್ಪ ಇದು? ಕಿತ್ತೂರಿನಲ್ಲಿ ಜರ್ಮನ್ ಬೋರ್ಡಾ? ಇತಿಹಾಸ ಏನಾಗಬೇಕು?"

"ಇತಿಹಾಸ ಆ ಮೂಲ್ಯಾಗ ಐತಲ್ರಿ," ಎಂದು ಫಕೀರಪ್ಪ ಬುರುಜು ತೋರಿಸಿದ. "ಅದಕ್ಕ ನಾ ಕೈ ಹಚ್ಚಿಲ್ಲ."

ಬಯ್ಯಬೇಕೆಂದು ಮೂರ್ತಿಯವರು ಬಾಯಿ ತೆರೆಯುವಷ್ಟರಲ್ಲಿ ಜನ ಬಂದರು. ಚಮ್ಮಾರ ಹೆಂಡತಿ ಮಕ್ಕಳನ್ನು ಕರೆದುಕೊಂಡು ಬಂದ. ಗಡಿಯಾರದವನು ಅತ್ತೆಯನ್ನು ಕರೆತಂದ. ಅಷ್ಟು ಮೆಲ್ಲಗೆ ಮಾತಾಡುವ ಜನ, ತಮ್ಮ ಅಂಗಡಿ ಕಂಡೊಡನೆ ನಮ್ಮ ಸುರೇಬಾನದ ಪ್ರೇಕ್ಷಕರ ಹಾಗೆ ಗದ್ದಲ ಎಬ್ಬಿಸಿದರು. ಸಿಳ್ಳೆಯೊಂದು ಬಾಕಿ. ಹಿಮದ ಸೀಮೆಯ ಗುಮಾಸ್ತನೂ ಡೇರೆ ಬಿಟ್ಟು ನೋಡಲು ಬಂದ. ಮೂರ್ತಿಯವರು ಬಾಯಿ ಮುಚ್ಚಿ, ಜನರ ಫೋಟೋ ತೆಗೆದುಕೊಂಡರು.

ಮಾರನೆಯ ಬೆಳಿಗ್ಗೆ ಹಜಾಮ ತನ್ನ ಋಣ ತೀರಿಸಲು ಫಕೀರಪ್ಪನನ್ನು ಅಂಗಡಿಗೆ ಕರೆದು ಕೂರಿಸಿದ. ಮೆತ್ತನೆಯ ಕುರ್ಚಿ, ಬಿಸಿ ಟವೆಲು. ಫಕೀರಪ್ಪನಿಗೆ ನಿದ್ದೆ ಹತ್ತಿತು. ಎದ್ದು ಕನ್ನಡಿ ನೋಡಿದರೆ ಮೀಸೆಯಿಲ್ಲ. ಆ ಊರಲ್ಲಿ ಸಭ್ಯ ಗಂಡಸರು ಅಂಥ ಮೀಸೆ ಇಡುವುದಿಲ್ಲವಂತೆ. ಹಜಾಮ ಪ್ರೀತಿಯಿಂದ ತೆಗೆದಿದ್ದ.

ಮೂರ್ತಿಯವರು ಅವನ ಮುಖ ನೋಡಿ ನೆಲಕ್ಕೆ ಕುಸಿದರು. "ಹೋಯ್ತು ಗಂಗಮ್ಮನವರೇ. ಗಡಿನಾಡೇ ಹೋಯ್ತು."

"ಬರತೈತಿ ಬಿಡ್ರಿ ಸಾಹೇಬ್ರ," ಎಂದು ಫಕೀರಪ್ಪನೇ ಸಮಾಧಾನ ಹೇಳಿದ. "ಒಂದ ಆರ ತಿಂಗಳಾಗ ನಿಮ್ಮ ಗಡಿನಾಡು ಮತ್ತ ಬೆಳೀತೈತಿ."

ಬೇಕರಿ

ಆ ಬೀದಿಯ ತುದಿಯಲ್ಲಿ ಒಂದು ಬೇಕರಿ. ನಡೆಸುವವಳು ಮಾರಿಯ ಎಂಬ ವಿಧವೆ. ಜೋಳದ ರೊಟ್ಟಿಯ ಬಣ್ಣದ, ಆದರೆ ಇಟ್ಟಿಗೆಯ ದಪ್ಪದ ಬ್ರೆಡ್ಡು ಅವಳದು. ನಾನು ಅದಕ್ಕೆ ಶೇಂಗಾ ಚಟ್ನಿ ಹಚ್ಚಿ ಕೊಟ್ಟೆ. ತಿಂದಳು, ಕಣ್ಣಲ್ಲಿ ನೀರು ಬಂತು, ಇನ್ನೊಂದಿಷ್ಟು ಕೇಳಿದಳು. ಅಲ್ಲಿಂದ ನಾನು ಅವಳಿಗೆ ಗಂಗಾ, ಅವಳು ನನಗೆ ಮಾರಿಯಕ್ಕ.

ಅವಳ ಅಂಗಡಿಯ ಬೋರ್ಡಿನ ಮುಂದೆ ಫಕೀರಪ್ಪ ಬಹಳ ಹೊತ್ತು ನಿಂತ. ಇಳಿಬಿಸಿಲು ಓರೆಯಾಗಿ ಬಿದ್ದಿತ್ತು. ಜರ್ಮನ್ ಅಕ್ಷರದ ಅಡಿಯಲ್ಲಿ ಬೇರೆ ಅಕ್ಷರಗಳು ಉಬ್ಬಿ ಕಾಣುತ್ತಿದ್ದವು. ಯಾರೋ ಹಳೆಯ ಬರಹದ ಮೇಲೆ ಬಣ್ಣ ಬಳಿದು ಹೊಸದು ಬರೆದಿದ್ದರು.

"ನೋಡ್ರಿ ಅಕ್ಕಾರ, ಮ್ಯಾಲ ಬರದಾಂವ ಕೈಯಾಗ ಬ್ರಷ್ ಹಿಡದಿಲ್ಲ, ಕಸಬರಗಿ ಹಿಡದಾನ. ಅಡಿಯಾಗಿನಾಂವ ಪೇಂಟರ್! ಆ ಬಳಕು ನೋಡ್ರಿ, ಕುದರಿ ಕುತಗಿ ಇದ್ದಂಗ ಐತಿ."

ತೆಳು ಕಾಗದ ಹಚ್ಚಿ, ಪೆನ್ಸಿಲ್ ಉಜ್ಜಿ, ಅಡಿಯ ಅಕ್ಷರವನ್ನೇ ತೆಗೆದುಕೊಂಡು ಬಂದ. ಪರದೆಯ ಮೇಲೆ, ಕೋಟೆಯ ಬುರುಜಿನ ಪಕ್ಕದ ಒಳ್ಳೆಯ ಜಾಗದಲ್ಲಿ, ಅದನ್ನೇ ಬರೆದ. ಅವನಿಗೆ ಬೇರೇನೂ ಉದ್ದೇಶವಿರಲಿಲ್ಲ. ಕೆಟ್ಟ ಅಕ್ಷರವನ್ನು ತನ್ನ ಪರದೆಯ ಮೇಲೆ ಬರೆಯಲು ಅವನ ಕೈ ಒಪ್ಪಲಿಲ್ಲ, ಅಷ್ಟೇ.

ಸಂಜೆ ಮಾರಿಯಕ್ಕ ಬಂದಳು. ತನ್ನ ಅಂಗಡಿ ಹುಡುಕಿದಳು. ಸಿಕ್ಕಿತು. ಎದೆಯ ಮೇಲೆ ಕೈಯಿಟ್ಟುಕೊಂಡು ನಿಂತೇ ಇದ್ದಳು. ಇಬ್ಬರು ಗಂಡಸರು ಹ್ಯಾಟು ಹಾಕಿಕೊಂಡು ಹೊರಗೆ ಹೋದರು.

ನಾನು ಹೆಲ್ಗಾಳನ್ನು ಮೂಲೆಗೆ ಕರೆದು ಕೇಳಿದೆ. ಅವಳು ಆಚೀಚೆ ನೋಡಿ ಹೇಳಿದಳು. ಅದು ಸ್ಲೋವೀನ್ ಬರಹ. ಗುಡ್ಡದ ಆಚೆಯವರ ಭಾಷೆ, ಈಚೆಯ ಎಷ್ಟೋ ಮನೆಗಳದ್ದೂ ಹೌದು. ಮಾರಿಯಳ ಗಂಡ ಬರೆಸಿದ ಬೋರ್ಡು. ಮಹಾಯುದ್ಧದ ಕೆಟ್ಟ ದಿನಗಳಲ್ಲಿ ಯಾರೋ ಬಂದು ಅದರ ಮೇಲೆ ಬಣ್ಣ ಬಳಿದರು. ಯುದ್ಧ ಮುಗಿಯಿತು, ಗಂಡ ಸತ್ತ, ಬಣ್ಣ ಹಾಗೇ ಉಳಿಯಿತು. ಈಗ ಬರೆಸಬಹುದು, ಯಾರೂ ಬೇಡ ಎನ್ನುವುದಿಲ್ಲ. ಆದರೆ ಬರೆಸಿದ ಮರುದಿನ ಬ್ರೆಡ್ಡು ಕೊಳ್ಳಲು ಎಷ್ಟು ಜನ ಬರುತ್ತಾರೋ ಗೊತ್ತಿಲ್ಲ.

"ನಿನಗೆ ಬರುತ್ತದೇನು ಆ ಭಾಷೆ?" ಎಂದೆ.

ಹೆಲ್ಗಾ ತಟ್ಟನೆ ತಲೆಯಲ್ಲಾಡಿಸಿದಳು. ಇಲ್ಲ, ಇಲ್ಲ, ತನಗೆ ಬರುವುದಿಲ್ಲ.

ನನಗೆ ಬೆಳಗಾವಿ ನೆನಪಾಯಿತು. ಒಂದು ಬೋರ್ಡಿನ ಮೇಲೆ ಎರಡು ಭಾಷೆ ಬರೆಯುವಾಗ ಯಾವುದು ಮೇಲೆ, ಯಾವುದು ಕೆಳಗೆ, ಯಾವುದು ಬೆರಳಗಲ ದೊಡ್ಡದು ಎಂದು ಅಳೆದಳೆದು ಬರೆಯುವ ಫಕೀರಪ್ಪನನ್ನು ನಾನು ಕಂಡಿದ್ದೇನೆ. ಬರೆದು ಮುಗಿಸಿ ಏಣಿಯಿಂದ ಇಳಿಯುವ ಮೊದಲು ಬೀದಿಯ ಎರಡೂ ಕಡೆ ನೋಡುವುದನ್ನೂ ಕಂಡಿದ್ದೇನೆ. ಮೂರ್ತಿಯವರು ಧೂಳಲ್ಲಿ, ಮೀಸೆಯಲ್ಲಿ ಹುಡುಕಿದ ಗಡಿನಾಡು ಇಲ್ಲಿ ಈ ಬೇಕರಿಯ ಬಾಗಿಲ ಮೇಲೆ ಕೂತಿತ್ತು. ಅದನ್ನು ಅವರ ಕ್ಯಾಮರಾಕ್ಕೆ ತೋರಿಸುವ ಬುದ್ಧಿ ನನಗೂ ಹೊಳೆಯಲಿಲ್ಲ.

ಮರುದಿನ ಮೇಳದ ಒಬ್ಬ ದೊಡ್ಡ ಮನುಷ್ಯರು ಬಂದು ಮೂರ್ತಿಯವರ ಜೊತೆ ಬಹಳ ಮರ್ಯಾದೆಯಿಂದ ಮಾತಾಡಿ ಹೋದರು. ಕೊನೆಯ ದಿನ ಊರಿನ ಮೇಯರು ಬರುತ್ತಾರೆ, ಪೇಪರಿನವರು ಬರುತ್ತಾರೆ, ಆ ಒಂದು ಬೋರ್ಡು ಇಲ್ಲದಿದ್ದರೆ ಚೆನ್ನಾಗಿತ್ತು. ಮೂರ್ತಿಯವರ ಮುಖ ಬಿಳಚಿತು.

"ಫಕೀರಪ್ಪ, ಆ ಬೇಕರಿ ಮೇಲೆ ಒಂದು ಮರ ಬರೆದುಬಿಡು."

"ಕ್ಯಾಂಪ್ ಮುರಿಯೂತನಕ ಬೋರ್ಡ್ ಅಳಸಂಗಿಲ್ರಿ. ಅಂಗಡಿಯಾಕಿ ಬಂದು ತಗಿ ಅಂದರ ತಗೀತೇನಿ."

"ನಾನು ಹೇಳ್ತಿದೀನಲ್ಲ!"

"ನಿಮ್ಮದೇನ್ ಬೇಕರಿ ಐತೇನ್ರಿ?"

ಮೂರ್ತಿಯವರು ಮಾರಿಯಕ್ಕನನ್ನೇ ಕೇಳಲು ಹೋದರು. ಅವಳು ಅವರ ಕೈಗೆ ಒಂದು ಬ್ರೆಡ್ಡು ಕೊಟ್ಟು, ಹೆಲ್ಗಾಳ ಬಾಯಿಂದ ಹೇಳಿಸಿದಳು: "ನನ್ನ ಅಂಗಡಿಯ ಮೇಲೆ ಬರೆಸುವ ಧೈರ್ಯ ನನಗಾಗಲಿಲ್ಲ. ನಿಮ್ಮ ರಾಣಿಯ ಊರಿನಲ್ಲಾದರೂ ಕೊನೆಯ ದಿನದವರೆಗೆ ಇರಲಿ." ಮೂರ್ತಿಯವರು ಬ್ರೆಡ್ಡು ಹಿಡಿದುಕೊಂಡು ಮರಳಿದರು. ತಾವೇ ಬಳಿಯೋಣವೆಂದರೆ ಬಣ್ಣದ ಪೆಟ್ಟಿಗೆಯನ್ನು ಫಕೀರಪ್ಪ ತಲೆದಿಂಬು ಮಾಡಿಕೊಂಡಿದ್ದ.

ಕೊನೆಗೆ ಅವರ ಕಣ್ಣು ನನ್ನ ಮೇಲೆ ಬಿತ್ತು. ಅಡಿಯಿಂದ ಮುಡಿಯವರೆಗೆ ಅಲ್ಲ, ಈ ಸಲ ಎಡದಿಂದ ಬಲಕ್ಕೆ.

"ಗಂಗಮ್ಮನವರೇ, ನಾಳೆ ನೀವು ಆ ಬೋರ್ಡಿನ ಮುಂದೆ ನಿಂತ್ಕೊಳ್ಳಿ. ಗುರಾಣಿ ಎತ್ತಿ ಹಿಡೀರಿ. ಮೇಯರು ಹೋಗೋವರೆಗೂ ಅಲ್ಲಾಡಬೇಡಿ. ದೇಶದ ಮಾನ ನಿಮ್ಮ ಮೈ ಮೇಲಿದೆ."

ಕೊನೆಯ ದಿನ

ಇಷ್ಟು ವರ್ಷದಲ್ಲಿ ನನ್ನ ಮೈಯನ್ನು ಜನ ನಗುವುದಕ್ಕೆ ಬಳಸಿಕೊಂಡಿದ್ದಾರೆ. ಗೋಡೆಯಾಗಿ ಬಳಸಿಕೊಂಡದ್ದು ಅದೇ ಮೊದಲು. ಬುರುಜಿನ ಪಕ್ಕ, ಮಾರಿಯಕ್ಕನ ಅಂಗಡಿಯ ಎದುರು, ಗುರಾಣಿ ಎತ್ತಿ ನಿಂತೆ. ಒಂದು ಅಕ್ಷರವೂ ಹೊರಗೆ ಕಾಣಲಿಲ್ಲ. ಮೂರ್ತಿಯವರು ಎಲ್ಲ ದಿಕ್ಕಿನಿಂದ ನೋಡಿ ಹೆಬ್ಬೆರಳು ಎತ್ತಿದರು.

ಕೋಣೆ ತುಂಬಿತು. ಮೇಯರು ಮುಂದಿನ ಸಾಲಿನಲ್ಲಿ ಕೂತರು, ಕೆಂಪು ಮುಖದ ಹಿರಿಯರು. ಕಿರುಚಿತ್ರ ಮುಗಿಯಿತು. ನಾನು ರಾಣಿಯ ಮಾತು ಹೇಳಿದೆ: ಈ ನೆಲ ನಮ್ಮದು, ಇಲ್ಲಿ ಬಿತ್ತಿ ಬೆಳೆದವರು ನಾವು, ನಿಮಗೆ ಯಾಕೆ ಕೊಡಬೇಕು ಎಂಬ ಮಾತು. ಅರ್ಥವಾಗದಿದ್ದರೂ ಚಪ್ಪಾಳೆ ಬಂತು. ಇನ್ನೇನು ಮುಗಿಯಿತು ಎಂದು ಮೂರ್ತಿಯವರು ಬೆವರು ಒರೆಸಿಕೊಳ್ಳುವಷ್ಟರಲ್ಲಿ, ಮೂರನೆಯ ಸಾಲಿನಿಂದ ಹಜಾಮ ಎದ್ದ. ಕೈಯಲ್ಲಿ ಒಂದು ಸೇಬು.

ಪದ್ಧತಿ! ಫಕೀರಪ್ಪ ಚಿತ್ರ ಬರೆದು ಹೇಳಿದ್ದನ್ನು ಅವರು ಮರೆತಿರಲಿಲ್ಲ. ಅದನ್ನು ಮೂರ್ತಿಯವರಿಗೆ ಹೇಳುವುದನ್ನು ನಾವು ಮರೆತಿದ್ದೆವು. ಹಜಾಮ ರಂಗದ ಮೇಲೆ ಬಂದು ತನ್ನ ಬೋರ್ಡಿನ ಕೆಳಗೆ ನೆಟ್ಟಗೆ ನಿಂತ. ಹೆಲ್ಗಾ ಮೈಕಿನಲ್ಲಿ ಬೋರ್ಡು ಓದಿದಳು. ಚಪ್ಪಾಳೆ. ಅವನು ನನಗೆ ಸೇಬು ಕೊಟ್ಟು ಬಾಗಿ ನಮಸ್ಕರಿಸಿದ. ಆಮೇಲೆ ಚಮ್ಮಾರ, ದ್ರಾಕ್ಷಾರಸದವನು, ಗಡಿಯಾರದವನು. ಒಬ್ಬೊಬ್ಬರೂ ತಮ್ಮ ಅಂಗಡಿಯ ಮುಂದೆ ನಿಂತಾಗ ಮೇಯರು ತೊಡೆ ತಟ್ಟಿ ನಗುತ್ತಿದ್ದರು. ಬೋರ್ಡು ಮುಚ್ಚಲು ಮೈಯೊಂದೇ ಸಾಕೆಂದು ಗುರಾಣಿಯನ್ನು ತಟ್ಟೆಯಂತೆ ಇಳಿಸಿ ಹಿಡಿದಿದ್ದೆ. ಅದರ ತುಂಬ ಹಣ್ಣು, ಒಂದು ಸೀಸೆ, ಒಂದು ಜೋಡಿ ಮೆಟ್ಟು.

ಕೊನೆಗೆ ಮಾರಿಯಕ್ಕ ಎದ್ದಳು.

ಅವಳು ಕಪ್ಪು ಸೀರೆಯಂಥ ಉದ್ದ ಲಂಗ ಹಿಡಿದುಕೊಂಡು ಮೆಟ್ಟಿಲು ಹತ್ತಿದಳು. ಕೈಯಲ್ಲಿ ಬಿಳಿ ಬಟ್ಟೆಯಲ್ಲಿ ಸುತ್ತಿದ ಬಿಸಿ ಬ್ರೆಡ್ಡು. ನೇರವಾಗಿ ಬಂದು ನನ್ನ ಎದುರು ನಿಂತಳು. ಅವಳು ನಿಲ್ಲಬೇಕಾದ ಜಾಗದಲ್ಲಿ ನಾನಿದ್ದೆ.

ಬದಿಯಲ್ಲಿ ಮೂರ್ತಿಯವರು ಕೈ ಮುಗಿಯುತ್ತಿದ್ದರು, ಬೇಡ, ಬೇಡ ಎಂದು ತುಟಿಯಾಡಿಸುತ್ತಿದ್ದರು. ಪರದೆಯ ಸಂದಿಯಿಂದ ಫಕೀರಪ್ಪನ ಬೋಳು ಮುಖ ಕಂಡಿತು. ಮಾರಿಯಕ್ಕ ಪಕ್ಕಕ್ಕೆ ಸರಿ ಎನ್ನಲಿಲ್ಲ, ದೂಡಲಿಲ್ಲ. ಬ್ರೆಡ್ಡು ಹಿಡಿದು ಸುಮ್ಮನೆ ನಿಂತಿದ್ದಳು, ಬಾಗಿಲು ತೆರೆಯಲೆಂದು ಕಾಯುವವಳಂತೆ.

ಅವಳ ಮನೆಯ ಬಾಗಿಲಲ್ಲಿ ಅಡ್ಡ ನಿಂತವಳು ನಾನು. ಈಗಷ್ಟೇ ರಾಣಿಯ ಬಾಯಲ್ಲಿ ಎಂಥ ಮಾತು ಆಡಿದ್ದೆ! ಆ ಮಾತನ್ನು ಯಾರ ಎದುರು ಆಡುತ್ತಾರೋ ಅವರ ಜಾಗದಲ್ಲಿ ಈಗ ನಾನೇ ನಿಂತಿದ್ದೆ.

"ಬರ್ರಿ ಮಾರಿಯಕ್ಕ," ಎಂದು ಕನ್ನಡದಲ್ಲೇ ಹೇಳಿ ಪಕ್ಕಕ್ಕೆ ಸರಿದೆ.

ನಾನು ಸರಿಯುವುದೆಂದರೆ ಸಣ್ಣ ಮಾತಲ್ಲ; ಹಣ್ಣು ಉರುಳಿದವು, ಸೀಸೆ ಒಂದು ಸುತ್ತು ತಿರುಗಿ ನಿಂತಿತು. ಹಿಂದಿನ ಅಕ್ಷರಗಳು ಎಲ್ಲರಿಗೂ ಕಂಡವು. ಮಾರಿಯಕ್ಕ ಅವುಗಳ ಕೆಳಗೆ ಹೋಗಿ ನಿಂತು ಹೆಲ್ಗಾಳ ಕಡೆ ನೋಡಿದಳು. ಓದಬೇಕಲ್ಲ. ಹೆಲ್ಗಾ ಮೈಕು ಹಿಡಿದು ತಲೆ ತಗ್ಗಿಸಿದಳು. ಆಗ ಮಾರಿಯಕ್ಕ ತಾನೇ ಓದಿದಳು. ಬೇಕರಿ ಎಂಬ ಮಾತು, ಅದರ ಮುಂದೆ ಗಂಡನ ಹೆಸರು. ಮೆಲುದನಿ. ಹಿಂದಿನ ಸಾಲಿಗೆ ಕೇಳಿಸಿರಲಾರದು.

ಆಮೇಲೆ ಮೈಕಿನಲ್ಲಿ ಹೆಲ್ಗಾ ಅದನ್ನೇ ಹೇಳಿದಳು, ಗಟ್ಟಿಯಾಗಿ, ಸ್ವಲ್ಪವೂ ತೊದಲದೆ. ಬರದ ಭಾಷೆಯನ್ನು ಯಾರೂ ಹಾಗೆ ಓದುವುದಿಲ್ಲ.

ನಾಲ್ಕೈದು ಜನ ಎದ್ದು ಹೊರಗೆ ಹೋದರು, ಕುರ್ಚಿ ಸದ್ದಾಗುವಂತೆ. ಮೊದಲು ಚಪ್ಪಾಳೆ ಹೊಡೆದವನು ಹಜಾಮ. ಆಮೇಲೆ ಹಿಂದಿನ ಸಾಲಿನ ಕೆಲವು ಮುದುಕರು, ಅದೂ ಹೊಡೆದು ಅಭ್ಯಾಸವಿಲ್ಲದವರಂತೆ. ಮೇಯರು ಅತ್ತ ನೋಡಿದರು, ಇತ್ತ ನೋಡಿದರು. ಪೇಪರಿನವರ ಕ್ಯಾಮರಾ ತಮ್ಮ ಕಡೆಗಿರುವುದನ್ನು ಕಂಡು, ಎರಡೂ ಕಡೆಯವರಿಗೆ ಸಾಲುವಷ್ಟು, ಸದ್ದಾಗದಂತೆ, ಚಪ್ಪಾಳೆ ತಟ್ಟಿದರು. ಆ ಕಲೆ ನಮ್ಮ ಕಡೆಯ ಪುಢಾರಿಗಳಿಗೂ ಚೆನ್ನಾಗಿ ಬರುತ್ತದೆ. ನನಗೆ ಊರಿಗೆ ಬಂದಷ್ಟು ಹಿತವಾಯಿತು.

ಮರುದಿನದ ಪೇಪರಿನಲ್ಲಿ ನನ್ನದೊಬ್ಬಳದೇ ಫೋಟೋ ಬಂತು. ಹೆಲ್ಗಾ ಅಡಿಬರಹ ಓದಿ ಹೇಳಿದಳು: "ಭಾರತದ ಕಾಡು ಗಡಿಯ ಯೋಧ ಬುಡಕಟ್ಟಿನ ನಾಯಕಿ, ಸೇಬುಗಳೊಂದಿಗೆ." ಬೇಕರಿಯ ಸುದ್ದಿ ಒಂದು ಸಾಲೂ ಇರಲಿಲ್ಲ. ಮೂರ್ತಿಯವರಿಗೆ ಆ ಅಡಿಬರಹ ಬಹಳ ಹಿಡಿಸಿತು, ನನ್ನ ಮೇಲಿನ ಸಿಟ್ಟು ಇಳಿಯಿತು. ಪೇಪರಿನ ನಾಲ್ಕು ಪ್ರತಿ ಕೊಂಡರು.

ಹೊರಡುವ ಬೆಳಿಗ್ಗೆ ಫಕೀರಪ್ಪನ ಜೊತೆ ಬ್ರೆಡ್ಡು ತರಲು ಹೋದೆ. ಅಂಗಡಿಯ ಮೇಲೆ ಹಳೆಯ ಜರ್ಮನ್ ಬೋರ್ಡೇ ಇತ್ತು. ಎಲ್ಲ ಬದಲಾಯಿತು ಎಂದು ಬರೆದರೆ ಓದುವವರಿಗೆ ಖುಷಿ, ನನಗೆ ಸುಳ್ಳು. ಗಿರಾಕಿಗಳು ಎಂದಿನಷ್ಟಿದ್ದರೋ ಕಡಿಮೆಯಿದ್ದರೋ ನನಗೆ ಗೊತ್ತಾಗಲಿಲ್ಲ. ಮಾರಿಯಕ್ಕ ನನ್ನನ್ನು ಅಪ್ಪಿಕೊಂಡಳು. ಅವಳ ಕೈ ನನ್ನ ಬೆನ್ನಿನ ಅರ್ಧಕ್ಕೆ ಬಂತು. ಫಕೀರಪ್ಪನ ಕೈ ಹಿಡಿದು ಏನೋ ಬಹಳ ಹೊತ್ತು ಹೇಳಿದಳು. ತಿಳಿಸಿ ಹೇಳಲು ಹೆಲ್ಗಾ ಇರಲಿಲ್ಲ. ಅವನು ಎಲ್ಲದಕ್ಕೂ "ಹೌದ್ರೀ, ಆತ್ರೀ" ಎಂದ.

ಸುರೇಬಾನ

ಕಂಪನಿ ಸುರೇಬಾನದಲ್ಲಿ ಕ್ಯಾಂಪು ಹಾಕಿತ್ತು. ಪರದೆ ಮರಳಿ ಬಂತು. ಫಕೀರಪ್ಪ ಸುಣ್ಣದ ಬಿಳಿ ಕಲಸಿ ಹಜಾಮನನ್ನು, ಚಮ್ಮಾರನನ್ನು, ಗಡಿಯಾರದವನನ್ನು ಒಬ್ಬೊಬ್ಬರಾಗಿ ಅಳಿಸಿದ; ಆ ಜಾಗದಲ್ಲಿ ಸುರೇಬಾನದ ಕಿರಾಣಿ ಅಂಗಡಿ, ದರ್ಜಿ, ಸೈಕಲ್ ಶಾಪು ಬಂದವು. ಬುರುಜಿನ ಪಕ್ಕದ ಬೇಕರಿಗೆ ಮಾತ್ರ ಬ್ರಷ್ ಹಚ್ಚಲಿಲ್ಲ.

ಮಾಲೀಕರು ಗದರಿದರು. "ಕ್ಯಾಂಪ್ ಮುರದಿತಲ್ಲೋ! ಪದ್ಧತಿ ಪ್ರಕಾರ ಅಳಸಬೇಕಲ್ಲ? ಆ ಜಾಗಾ ಚಹಾದಂಗಡಿ ಮಲ್ಲಪ್ಪ ಕೇಳಾಕ ಹತ್ಯಾನ."

"ಅಂಗಡಿಯಾಕಿ ತಗಿ ಅಂದಿಲ್ರಿ," ಎಂದ ಫಕೀರಪ್ಪ. "ಬರೂ ಮುಂದ ಏನೋ ಭಾಳ ಹೇಳಿದಳು. ತಗಿ ಅಂದಳೋ, ಇರಲಿ ಅಂದಳೋ, ಯಾರಿಗ್ ಗೊತ್ರಿ? ತಿಳೀಲಾರದ ಅಳಸೂದು ಚಲೋ ಅಲ್ಲ."

ಮೀಸೆ ಆಗ ಅರ್ಧ ಬೆಳೆದಿತ್ತು.

ಆಟ ಶುರುವಾಯಿತು. ಪರದೆ ಬಿಚ್ಚಿದೊಡನೆ ಜನ ತಮ್ಮೂರ ಅಂಗಡಿಗಳನ್ನು ಕಂಡು ಸಿಳ್ಳೆ ಹಾಕಿದರು. ಮುಂದೆ ಚಾಪೆಯ ಮೇಲೆ ಕೂತಿದ್ದ ಒಬ್ಬ ಅಜ್ಜ ಕಣ್ಣು ಕಿರಿದು ಮಾಡಿ, ಎಲ್ಲರಿಗೂ ಕೇಳುವ ಹಾಗೆ ಕೂಗಿದ:

"ಏ ಗಂಗವ್ವಾ, ಆ ಕೋಟಿ ಬಾಜೂಕಿನ ಅಂಗಡಿ ಯಾರದ? ನಮ್ಮೂರಾಗಂತೂ ಇಲ್ಲ, ಕಿತ್ತೂರಾಗೂ ನಾ ನೋಡಿಲ್ಲ."

ಆ ರಾತ್ರಿ ನಾನು ಮತ್ತೆ ಹಾಸ್ಯದ ಪಾತ್ರದಲ್ಲಿದ್ದೆ, ರಾಣಿಯ ಅಡುಗೆಯವಳು. ಪಾತ್ರಕ್ಕೆ ಬರೆದಿಟ್ಟ ಮಾತು ಬೇರೆಯಿತ್ತು. ಬೋರ್ಡಿನ ಮುಂದೆ ಹೋಗಿ, ಅದು ಪೂರಾ ಕಾಣುವಷ್ಟು ಪಕ್ಕಕ್ಕೆ ಸರಿದು ನಿಂತೆ.

"ನಮ್ಮ ಮಾರಿಯಕ್ಕಂದು ಯಜ್ಜಾ. ಗಡಿ ದಾಟಿದ ಮ್ಯಾಲ ಎಡಕ್ಕ ತಿರಗಿದರ ಸಿಗತೈತಿ. ಬ್ರೆಡ್ಡ ಬಿರಸು, ಚಟ್ನಿ ಮನಿಯಿಂದ ಒಯ್ಯಬೇಕು."

ಅಜ್ಜ ತಲೆಯಾಡಿಸಿದ. ಅವನಿಗೆ ಅದು ನಗುವ ಮಾತು ಅನ್ನಿಸಲಿಲ್ಲ. ಯಾವ ಗಡಿ ಎಂದೂ ಕೇಳಲಿಲ್ಲ.